ಎಸ್ಸೆಸ್ಸೆಲ್ಸಿಯಲ್ಲೇ ಕೈಬಿಟ್ಟ ಗಣಿತವನ್ನು ಮತ್ತೆ ಹಿಡಿಯುವುದು ಹೇಗೆ?

"ಸರ್, ಕೂಡೋದು ಕಳೆಯೋದು ಹೇಗೋ ಬರುತ್ತೆ, ಬೀಜಗಣಿತ ಅಂದ್ರೆ ಮಾತ್ರ ತಲೆಗೆ ಹೋಗಲ್ಲ. ಎಲ್ಲಿಂದ ಶುರು ಮಾಡ್ಲಿ?"

ಸೋಮವಾರಪೇಟೆಯಿಂದ ಗೋಣಿಕೊಪ್ಪದವರೆಗೆ ಯಾರು ಫೋನ್ ಮಾಡಿದರೂ ಪ್ರಶ್ನೆ ಇದೇ. ಸರ್ಕಾರಿ ಕೆಲಸದ ಪರೀಕ್ಷೆಗೆ ಅರ್ಜಿ ಹಾಕಿ ಕೂತವರು, ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದುಕೊಂಡೇ ಡಿಪ್ಲೊಮಾ ಮುಗಿಸಬೇಕೆನ್ನುವ ಹುಡುಗರು, ಮಗಳ ಏಳನೇ ಕ್ಲಾಸಿನ ಪುಸ್ತಕ ತೆರೆದು ಗಾಬರಿಯಾದ ತಾಯಂದಿರು. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೀಜಗಣಿತ ಬರುವುದಿಲ್ಲ ಎನ್ನುವವರ ನೋಟ್‌ಬುಕ್ ತೆರೆಸಿ ನೋಡಿದಾಗ ತಪ್ಪು ಸಿಗುವುದು ಹೆಚ್ಚಾಗಿ ಭಿನ್ನರಾಶಿಯಲ್ಲಿ, ಇಲ್ಲವೇ ಮೈನಸ್ ಚಿಹ್ನೆಯಲ್ಲಿ. ಅಡಿಪಾಯ ಅಲುಗಾಡುತ್ತಿರುವಾಗ ಹೆಂಚು ಬದಲಿಸಿ ಪ್ರಯೋಜನವಿಲ್ಲ. ಹಾಗಾಗಿ ಸಮೀಕರಣದಿಂದ ಶುರು ಮಾಡುವ ಆಸೆಯನ್ನು ಒಂದು ತಿಂಗಳು ಬದಿಗಿಡಿ.

ಏನೇನು ಬೇಕು

200 ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ದಿನಕ್ಕೆ 40 ನಿಮಿಷ. ಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಕನ್ನಡ ಮಾಧ್ಯಮದ 6, 7 ಮತ್ತು 8ನೇ ತರಗತಿಯ ಗಣಿತ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಅಷ್ಟು ಸಾಕು. ಆರನೇ ಕ್ಲಾಸಿನ ಪುಸ್ತಕ ಹಿಡಿಯಲು ನಾಚಿಕೆಯಾದರೆ ಬೈಂಡ್ ಹಾಕಿಕೊಳ್ಳಿ. ಕ್ಯಾಲ್ಕುಲೇಟರ್ ಮಾತ್ರ ಬೇಡ. ಎಲ್ಲ ಮುಗಿಯಲು ಸುಮಾರು ಎಂಟು ವಾರ ಹಿಡಿಯುತ್ತದೆ. ಅದರಲ್ಲಿ ಎರಡು ವಾರ ಭಿನ್ನರಾಶಿಗೇ ಹೋಗಲಿ.

ಮೊದಲು ಈ ಹತ್ತು ಲೆಕ್ಕ ಮಾಡಿ

ಸಮಯದ ಮಿತಿ ಇಲ್ಲ. ಉತ್ತರ ಕೊನೆಯಲ್ಲಿದೆ, ಈಗಲೇ ನೋಡಬೇಡಿ. "ಯಾ" ಎಂದಿರುವುದು ಗೊತ್ತಿಲ್ಲದ ಸಂಖ್ಯೆ. ನಿಮ್ಮ ಪುಸ್ತಕದಲ್ಲಿ ಆ ಜಾಗದಲ್ಲಿ ಎಕ್ಸ್ ಇರುತ್ತದೆ.

1) 1003 − 467
2) 24 + 6 × 3
3) 2/3 + 1/4
4) 3/4 ÷ 1/2
5) 1 ಇಂಚು 50 ಸೆಂಟ್, 75 ಸೆಂಟ್, 1 ಇಂಚು 5 ಸೆಂಟ್: ಮೂರು ದಿನದ ಮಳೆ ಒಟ್ಟು ಎಷ್ಟು? (ನೂರು ಸೆಂಟ್ ಸೇರಿದರೆ ಒಂದು ಇಂಚು)
6) ₹400 ಇದ್ದ ಬೆಲೆ ₹460 ಆಯಿತು. ಶೇಕಡಾ ಎಷ್ಟು ಏರಿತು?
7) −7 − (−3)
8) 3ಯಾ + 5 = 20 ಆದರೆ ಯಾ ಎಷ್ಟು?
9) 5 − 2(ಯಾ − 3) ಸುಲಭ ರೂಪಕ್ಕೆ ತನ್ನಿ
10) ಎರಡು ಚೀಲ ಮೆಣಸು ಸೇರಿ 88 ಕೆ.ಜಿ. ಒಂದು ಇನ್ನೊಂದಕ್ಕಿಂತ 12 ಕೆ.ಜಿ ಹೆಚ್ಚು ತೂಗುತ್ತದೆ. ಚಿಕ್ಕ ಚೀಲದ ತೂಕ?

ಹಂತ 1: ಮಗ್ಗಿ ಮತ್ತು ನಾಲ್ಕು ಕ್ರಿಯೆ

ಮಗ್ಗಿ 12ರವರೆಗೆ ಸಾಕು. 20ರವರೆಗೆ ಬಾಯಿಪಾಠ ಮಾಡಲು ಹೊರಟು ಮೂರನೇ ದಿನಕ್ಕೇ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಕಳೆಯುವಾಗ ನಡುವೆ ಸೊನ್ನೆ ಬಂದರೆ ಕೈ ತಡವರಿಸುತ್ತದೆ. 1003ರಲ್ಲಿ 467 ಕಳೆಯಲು ದಶಕ, ಶತಕ ಎರಡರಲ್ಲೂ ಏನೂ ಇಲ್ಲ, ಸಾಲ ಸಾವಿರದ ಮನೆಯಿಂದಲೇ ಬರಬೇಕು. ಕಷ್ಟವೆನಿಸಿದರೆ ಅಂಗಡಿಯವರು ಚಿಲ್ಲರೆ ಕೊಡುವ ಹಾಗೆ ಕೆಳಗಿನಿಂದ ಮೇಲಕ್ಕೆ ಎಣಿಸಿ: 467ರಿಂದ 500ಕ್ಕೆ 33, ಅಲ್ಲಿಂದ 1000ಕ್ಕೆ 500, ಮತ್ತೆ 3. ಒಟ್ಟು 536.

ಗುಣಾಕಾರದ ಉತ್ತರವನ್ನು ಒಂಬತ್ತರ ಪರೀಕ್ಷೆಗೆ ಹಾಕಿ. 48 × 52 = 2496 ಬಂತು ಎಂದಿಟ್ಟುಕೊಳ್ಳಿ. ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡಿ: 48 ಎಂದರೆ 12, ಅಂದರೆ 3, 52 ಎಂದರೆ 7. ಮೂರೇಳು 21, ಅದು 3. ಉತ್ತರದ ಅಂಕಿಗಳ ಮೊತ್ತವೂ 21, ಅದೂ 3. ಹೊಂದದಿದ್ದರೆ ತಪ್ಪು ಖಚಿತ. ಆದರೆ 2496ರ ಬದಲು 2946 ಬರೆದಿದ್ದರೆ ಈ ಪರೀಕ್ಷೆಗೆ ಅದು ಕಾಣುವುದಿಲ್ಲ, ನೆನಪಿರಲಿ.

ಹಂತ 2: ಯಾವುದು ಮೊದಲು

ವಾರಕ್ಕೆ ಆರು ದಿನ, ದಿನಕ್ಕೆ ₹450, ಮೇಲೆ ₹200 ಹೆಚ್ಚುವರಿ ಕೊಯ್ಲಿಗೆ. ಸಂಬಳದ ಪುಸ್ತಕದಲ್ಲಿ ಇದನ್ನು 200 + 6 × 450 ಎಂದು ಬರೆದರೆ ಯಾವ ರೈಟರೂ ಮೊದಲು 200ಕ್ಕೆ 6 ಕೂಡುವುದಿಲ್ಲ. ಗುಣಿಸಿ 2700, ಆಮೇಲೆ 2900. ಆವರಣ ಮೊದಲು, ನಂತರ ಘಾತ (ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುವುದು), ಆಮೇಲೆ ಗುಣಾಕಾರ ಭಾಗಾಕಾರ, ಕೊನೆಗೆ ಕೂಡುವುದು ಕಳೆಯುವುದು.

ಶಾಲೆಯಲ್ಲಿ ಇದನ್ನೇ ಬೋಡ್‌ಮಾಸ್ ಎಂದು ಕಲಿಸಿದ್ದರು. ಆ ಪದ ಒಂದು ಕಡೆ ದಾರಿ ತಪ್ಪಿಸುತ್ತದೆ. ಅದರಲ್ಲಿ ಭಾಗಾಕಾರ ಗುಣಾಕಾರಕ್ಕಿಂತ ಮುಂದೆ, ಸಂಕಲನ ವ್ಯವಕಲನಕ್ಕಿಂತ ಮುಂದೆ ಇದೆಯೆಂದು ಅದೇ ಕ್ರಮ ಹಿಡಿಯುತ್ತಾರೆ. ನಿಜದಲ್ಲಿ ಆ ಜೋಡಿಗಳಿಗೆ ಸಮಾನ ಸ್ಥಾನ, ಎಡದಿಂದ ಬಲಕ್ಕೆ ಮಾಡುತ್ತಾ ಹೋಗಬೇಕು. 10 − 4 + 3 ಎಂದರೆ 9. ಮೊದಲು 4 + 3 ಮಾಡಿ 3 ಎಂದು ಬರೆದವರು ಬೋಡ್‌ಮಾಸನ್ನು ಅಕ್ಷರಶಃ ನಂಬಿದವರು.

ಹಂತ 3: ಭಿನ್ನರಾಶಿ

ಇಲ್ಲಿ ಅವಸರ ಬೇಡ. ಭಿನ್ನರಾಶಿಯ ಕೆಳಗಿನ ಸಂಖ್ಯೆ ಛೇದ, ಮೇಲಿನದು ಅಂಶ. ಛೇದ ತುಂಡಿನ ಹೆಸರು ಹೇಳುತ್ತದೆ, ಅಂಶ ಅಂಥ ತುಂಡು ಎಷ್ಟಿವೆ ಎಂದು ಹೇಳುತ್ತದೆ. ಕನ್ನಡದಲ್ಲಿ ಇದು ಮಾತಿನಲ್ಲೇ ಅಡಗಿದೆ. ಮುಕ್ಕಾಲು ಎಂದರೆ ಮೂರು ಕಾಲು. "ಕಾಲು" ಎಂಬ ಹೆಸರಿನ ತುಂಡು ಮೂರು ಇವೆ, 3/4.

ಅರ್ಧಕ್ಕೆ ಕಾಲು ಸೇರಿದರೆ ಎಷ್ಟು ಎಂದು ಯಾರನ್ನು ಕೇಳಿದರೂ ಮುಕ್ಕಾಲು ಎನ್ನುತ್ತಾರೆ. ಹೇಗೆ ಬಂತು? ಅರ್ಧವನ್ನು ಮನಸ್ಸಿನಲ್ಲೇ ಎರಡು ಕಾಲು ಮಾಡಿಕೊಂಡಿರಿ, ಅದಕ್ಕೆ ಇನ್ನೊಂದು ಕಾಲು ಸೇರಿಸಿದಿರಿ. ಛೇದ ಸಮ ಮಾಡುವುದು ಎಂದು ಪುಸ್ತಕ ಹೇಳುವುದು ಇದನ್ನೇ. 2/3 + 1/4ರಲ್ಲಿ ಹೆಸರುಗಳು ಬೇರೆ, 3 ಮತ್ತು 4 ಎರಡೂ ಭಾಗಿಸುವ ಅತಿ ಚಿಕ್ಕ ಸಂಖ್ಯೆ 12. ಇದಕ್ಕೇ ಲ.ಸಾ.ಅ., ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ ಎನ್ನುತ್ತಾರೆ. 8/12 ಮತ್ತು 3/12, ಒಟ್ಟು 11/12.

ಎಚ್ಚರ: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 3/7 ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. 3/7 ಅರ್ಧಕ್ಕಿಂತ ಕಡಿಮೆ, 2/3 ಅರ್ಧಕ್ಕಿಂತ ಹೆಚ್ಚು. ಸೇರಿಸಿದ ಮೇಲೆ ಇದ್ದದ್ದೇ ಕಡಿಮೆಯಾಗುವುದು ಹೇಗೆ? ಪ್ರತಿ ಉತ್ತರವನ್ನೂ ಅರ್ಧದ ಜೊತೆ, ಒಂದರ ಜೊತೆ ಹೋಲಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಗುಣಾಕಾರ ಸುಲಭ, ಅಂಶಕ್ಕೆ ಅಂಶ, ಛೇದಕ್ಕೆ ಛೇದ. ಮುಕ್ಕಾಲು ಎಕರೆಯಲ್ಲಿ ಅರ್ಧ ಎಂದರೆ 3/4 × 1/2 = 3/8 ಎಕರೆ, ಮೂವತ್ತೇಳೂವರೆ ಸೆಂಟ್ (ಎಕರೆಗೆ ನೂರು ಸೆಂಟ್). ಭಾಗಾಕಾರದಲ್ಲಿ "ತಿರುಗಿಸಿ ಗುಣಿಸು" ಎಂಬ ಸೂತ್ರ ಎಲ್ಲರಿಗೂ ನೆನಪಿದೆ, ಯಾವುದನ್ನು ತಿರುಗಿಸಬೇಕು ಎಂಬುದು ಮಾತ್ರ ನೆನಪಿಲ್ಲ. ಮುಕ್ಕಾಲು ಲೀಟರ್ ಜೇನನ್ನು ಅರ್ಧ ಲೀಟರ್ ಬಾಟಲಿಗೆ ತುಂಬಿಸಿ ನೋಡಿ. ಒಂದು ಬಾಟಲಿ ತುಂಬಿ ಇನ್ನೊಂದರ ಅರ್ಧ ಆಗುತ್ತದೆ, ಒಂದೂವರೆ. ಈಗ 3/4 × 2/1 = 6/4 = 3/2. ತಿರುಗಿದ್ದು ಎರಡನೆಯದು, ಯಾವುದರಿಂದ ಭಾಗಿಸುತ್ತೇವೋ ಅದು. ಅರ್ಧದಿಂದ ಭಾಗಿಸುವುದು ಬೇರೆ, ಎರಡರಿಂದ ಭಾಗಿಸುವುದು ಬೇರೆ ಎಂಬುದೂ ಇಲ್ಲೇ ತಿಳಿಯುತ್ತದೆ.

ಇನ್ನೊಂದು ಎಚ್ಚರ: (6 + 5)/6ರಲ್ಲಿ ಮೇಲಿನ 6, ಕೆಳಗಿನ 6 ಹೊಡೆದುಹಾಕಿ 5 ಎಂದು ಬರೆಯಬೇಡಿ. ಗುಣಾಕಾರದಲ್ಲಿ ಮಾತ್ರ ಹೊಡೆಯಬಹುದು. ಪ್ಲಸ್ ಇದ್ದಲ್ಲಿ ಹೊಡೆಯುವಂತಿಲ್ಲ. ಮುಂದೆ ಬೀಜಗಣಿತದಲ್ಲಿ ಅತಿ ಹೆಚ್ಚು ಅಂಕ ನುಂಗುವ ತಪ್ಪು ಇದು.

ಸೊನ್ನೆಯಿಂದ ಭಾಗಿಸುವುದು ಮಾತ್ರ ಸಾಧ್ಯವೇ ಇಲ್ಲ. ಈ ವಿಷಯದಲ್ಲಿ ತಪ್ಪಿದರೆ ಬೇಸರ ಬೇಡ: 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರಂಥ ದೊಡ್ಡ ಗಣಿತಜ್ಞರೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದಿದ್ದರು.

ಹಂತ 4: ದಶಮಾಂಶ

ಕೊಡಗಿನವರಿಗೆ ದಶಮಾಂಶ ಕಲಿಸುವುದು ಸುಲಭ, ಏಕೆಂದರೆ ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಮಾರ್ಚಿಯಲ್ಲಿ ಹೂಮಳೆ ಒಂದು ಇಂಚು ಐದು ಸೆಂಟ್ ಬಂತು ಎಂದರೆ ಬರೆಯುವುದು 1.05. ಇದನ್ನು 1.5 ಎಂದು ಬರೆದವರು ಐದು ಸೆಂಟನ್ನು ಐವತ್ತು ಸೆಂಟ್ ಮಾಡಿದ್ದಾರೆ. ಚುಕ್ಕಿಯ ನಂತರದ ಮೊದಲ ಮನೆ ಹತ್ತನೇ ಒಂದು, ಎರಡನೆಯದು ನೂರನೇ ಒಂದು. ಖಾಲಿ ಮನೆಗೆ ಸೊನ್ನೆ ಇಡಲೇಬೇಕು.

ಕೂಡುವಾಗ ಚುಕ್ಕಿಯ ಕೆಳಗೆ ಚುಕ್ಕಿ ಬರಲಿ: 1.50, 0.75, 1.05, ಒಟ್ಟು 3.30. ಮೂರು ಇಂಚು ಮೂವತ್ತು ಸೆಂಟ್. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದಲ್ಲ, ಅದಕ್ಕೆ 25.4ರಿಂದ ಗುಣಿಸಿ. 3.3 × 25.4 = 83.82 ಮಿ.ಮೀ. ಗುಣಿಸುವಾಗ ಚುಕ್ಕಿಗಳನ್ನು ಮರೆತು 33 × 254 ಮಾಡಿ, ಕೊನೆಗೆ ಎರಡು ಸಂಖ್ಯೆಗಳಲ್ಲೂ ಚುಕ್ಕಿಯ ನಂತರ ಇದ್ದ ಅಂಕಿಗಳನ್ನು ಎಣಿಸಿ ಅಷ್ಟು ಮನೆ ಬಿಟ್ಟು ಚುಕ್ಕಿ ಇಡಿ.

ಎಲ್ಲವೂ ನೂರರ ಲೆಕ್ಕವಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಜಾಗವನ್ನು ನಾವು ಎಕರೆಗೆ 100 ಸೆಂಟ್ ಎಂದು ಅಳೆಯುತ್ತೇವೆ. ಪಿರಿಯಾಪಟ್ಟಣದ ಕಡೆ ಹೋದರೆ ಎಕರೆಗೆ 40 ಗುಂಟೆ. ಅಲ್ಲಿನ 1 ಎಕರೆ 20 ಗುಂಟೆ ಎಂದರೆ 1.5 ಎಕರೆ, 1.20 ಅಲ್ಲ. ಗಂಟೆ ನಿಮಿಷದಲ್ಲೂ ಇದೇ ಗುಂಡಿ ಇದೆ.

ಹಂತ 5: ಶೇಕಡಾ, ಅನುಪಾತ

ಶೇಕಡಾ ಲೆಕ್ಕದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾವುದರ ಮೇಲೆ? ₹400 ಇದ್ದದ್ದು ₹460 ಆದರೆ ಏರಿಕೆ 60, ಭಾಗಿಸಬೇಕಾದದ್ದು ಹಳೆಯ 400ರಿಂದ. ಉತ್ತರ ಶೇ 15. ಮೆಣಸಿನ ಬೆಲೆ ಶೇ 20 ಏರಿ ಮತ್ತೆ ಶೇ 20 ಇಳಿದರೆ ಇದ್ದಲ್ಲಿಗೇ ಬರುತ್ತದೆ ಎಂದುಕೊಂಡರೆ ಕೆಟ್ಟಿರಿ. 500 ಇದ್ದದ್ದು 600 ಆಗುತ್ತದೆ, ಇಳಿಯುವಾಗ 600ರ ಶೇ 20, ಅಂದರೆ 120 ಹೋಗುತ್ತದೆ. ಉಳಿಯುವುದು 480.

ಅನುಪಾತಕ್ಕೆ, ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ ಮೈಲುತುತ್ತ, 1 ಕೆ.ಜಿ ಸುಣ್ಣ. ನಿಮ್ಮ ಡ್ರಮ್ಮಿನಲ್ಲಿ 35 ಲೀಟರ್ ಮಾತ್ರ ಇದ್ದರೆ ಎರಡೂ 350 ಗ್ರಾಂ. ನೀರು ಕಡಿಮೆಯಾದಂತೆ ಪುಡಿಯೂ ಕಡಿಮೆ, ಇದು ನೇರ ಅನುಪಾತ. 8 ಜನ 6 ದಿನದಲ್ಲಿ ಮುಗಿಸುವ ಕಸಿ ಕೆಲಸವನ್ನು 12 ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ ಎಂಬುದು ವಿಲೋಮ ಅನುಪಾತ: ಜನ ಹೆಚ್ಚಿದರೆ ದಿನ ಕಡಿಮೆ. 8 × 6 = 48, ಅದನ್ನು 12ರಿಂದ ಭಾಗಿಸಿದರೆ 4 ದಿನ. ಲೆಕ್ಕಕ್ಕೆ ಕೈ ಹಾಕುವ ಮೊದಲು "ಉತ್ತರ ದೊಡ್ಡದಾಗಬೇಕೋ ಚಿಕ್ಕದಾಗಬೇಕೋ" ಎಂದು ಬಾಯಿಬಿಟ್ಟು ಹೇಳಿಕೊಳ್ಳಿ.

ಹಂತ 6: ಮೈನಸ್ ಸಂಖ್ಯೆಗಳು

ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ. ಅದನ್ನೇ ಸೊನ್ನೆ ಎಂದಿಟ್ಟುಕೊಳ್ಳಿ. ನಿನ್ನೆ ನೀರು ಅದಕ್ಕಿಂತ 31 ಅಡಿ ಕೆಳಗಿತ್ತು, −31. ಇಂದು 28 ಅಡಿ ಕೆಳಗೆ, −28. ವ್ಯತ್ಯಾಸ ಬೇಕಾದರೆ ಇಂದಿನದರಲ್ಲಿ ನಿನ್ನೆಯದನ್ನು ಕಳೆಯಬೇಕು: −28 − (−31). ನೀರು 3 ಅಡಿ ಏರಿದೆ ಎಂದು ಕಣ್ಣಿಗೇ ಕಾಣುತ್ತದೆ, ಆದ್ದರಿಂದ ಇದು −28 + 31 = +3. ಮೈನಸ್ಸನ್ನು ಕಳೆದರೆ ಏಕೆ ಕೂಡಿದಂತಾಗುತ್ತದೆ ಎಂಬುದಕ್ಕೆ ಈ ಒಂದು ಚಿತ್ರ ಸಾಕು.

ಗುಣಾಕಾರಕ್ಕೂ ಅದೇ ಜಲಾಶಯ. ನೀರು ದಿನಕ್ಕೆ 2 ಅಡಿ ಇಳಿಯುತ್ತಿದೆ, −2. ಮೂರು ದಿನದ ಹಿಂದೆ ಎಂದರೆ −3. ಆಗ ನೀರು ಈಗಿನ ಮಟ್ಟಕ್ಕಿಂತ ಎಲ್ಲಿತ್ತು? 6 ಅಡಿ ಮೇಲೆ. (−2) × (−3) = +6.

ಎಚ್ಚರ: "ಮೈನಸ್ಸು ಮೈನಸ್ಸು ಪ್ಲಸ್ಸು" ಎಂಬ ಮಂತ್ರವನ್ನು ಎಲ್ಲ ಕಡೆ ಉದುರಿಸಬೇಡಿ. ಅದು ಗುಣಾಕಾರ ಭಾಗಾಕಾರಕ್ಕೆ, ಮತ್ತು ಒಂದರ ಪಕ್ಕ ಒಂದು ನಿಂತ ಎರಡು ಚಿಹ್ನೆಗಳಿಗೆ. −7 − 3 ಎಂಬಲ್ಲಿ ಮಂತ್ರ ನಡೆಯದು. ಏಳು ಅಡಿ ಕೆಳಗಿದ್ದ ನೀರು ಇನ್ನೂ ಮೂರು ಇಳಿಯಿತು, −10. ಹಾಗೆಯೇ (−3)² ಎಂದರೆ 9, ಆವರಣವಿಲ್ಲದ −3² ಎಂದರೆ −9. ಎರಡನೆಯದರಲ್ಲಿ ವರ್ಗವಾಗುವುದು 3 ಮಾತ್ರ.

ಈ ಹಂತದಲ್ಲಿ ದಿನಕ್ಕೆ ಇಪ್ಪತ್ತು ಲೆಕ್ಕದಂತೆ ಒಂದು ವಾರ ಮಾಡಿ. ಬೇಸರ ಬರುತ್ತದೆ, ಬರಲಿ.

ಹಂತ 7: ಅಕ್ಷರ ಬಂತು

ರೊಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರುವವರಿಗೆ ಔಟ್‌ಟರ್ನ್ ಗೊತ್ತು. 50 ಕೆ.ಜಿ ಒಣ ಚೆರಿಯಲ್ಲಿ ಎಷ್ಟು ಕೆ.ಜಿ ಬೇಳೆ (ಸಿಪ್ಪೆ ತೆಗೆದ ಬೀಜ) ಸಿಗುತ್ತದೋ ಅದು ಔಟ್‌ಟರ್ನ್, ಚುಟುಕಾಗಿ ಓಟಿ. ಓಟಿ 26 ಇದ್ದು, ಪಾಯಿಂಟಿಗೆ, ಅಂದರೆ ಓಟಿಯ ಒಂದೊಂದು ಕೆ.ಜಿಗೆ, ಇಷ್ಟು ರೂಪಾಯಿ ಎಂದು ವ್ಯಾಪಾರಿ ಹೇಳಿದರೆ ಚೀಲದ ಬೆಲೆ 26 × ಆ ದರ. ದರ ದಿನಾ ಬದಲಾಗುತ್ತದೆ, ಆದ್ದರಿಂದ ಅದಕ್ಕೊಂದು ಅಕ್ಷರ ಇಡೋಣ: 26ಯಾ. ನೀವು ಬೀಜಗಣಿತ ಮಾಡಿಯಾಯಿತು. ಬದಲಾಗುವ ಸಂಖ್ಯೆಗೆ ಇಟ್ಟ ಅಕ್ಷರ ಚರಾಕ್ಷರ, ಅದರ ಮುಂದಿನ 26 ಸಹಗುಣಕ, ಇಡೀ ಬರಹ ಬೀಜೋಕ್ತಿ.

"ಯಾ" ನಾನು ಕಟ್ಟಿದ್ದಲ್ಲ. ಹಳೆಯ ಭಾರತೀಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಯನ್ನು "ಯಾವತ್ ತಾವತ್" ಎಂದು ಕರೆದು ಅದರ ಮೊದಲಕ್ಷರ ಬಳಸುತ್ತಿದ್ದರು. ಎರಡನೆಯದು ಬೇಕಾದರೆ ಬಣ್ಣದ ಹೆಸರು, ಕಾಲಕ ಎಂಬುದಕ್ಕೆ "ಕಾ". ಪರೀಕ್ಷೆಯಲ್ಲಿ ನೀವು ಎಕ್ಸ್, ವೈ ಬರೆಯಿರಿ, ಅಕ್ಷರದಲ್ಲಿ ಏನೂ ಇಲ್ಲ.

3ಯಾ + 2ಯಾ = 5ಯಾ. ಒಂದೇ ಜಾತಿ, ಸಜಾತಿ ಪದಗಳು. 3ಯಾ + 2ಕಾ ಅಲ್ಲಿಗೇ ನಿಲ್ಲುತ್ತದೆ. ಮೂರು ಚೀಲ ಕಾಫಿ, ಎರಡು ಚೀಲ ಮೆಣಸು ಸೇರಿ ಐದು ಚೀಲ ಕಾಫಿಮೆಣಸು ಆಗುವುದಿಲ್ಲ. ಯಾ + ಯಾ ಎಂದರೆ 2ಯಾ, ಯಾ × ಯಾ ಎಂದರೆ ಯಾ². ಒಂಟಿ ಯಾ ಎಂದರೆ 1ಯಾ.

ಆವರಣ ಬಿಡಿಸುವಾಗ ಹೊರಗಿನದು ಒಳಗಿನ ಪ್ರತಿಯೊಂದಕ್ಕೂ ತಲುಪಬೇಕು, ಚಿಹ್ನೆ ಸಮೇತ. 5 − 2(ಯಾ − 3)ರಲ್ಲಿ ಹೊರಗಿರುವುದು −2. ಅದು "ಯಾ"ವನ್ನು ಗುಣಿಸಿ −2ಯಾ, −3ನ್ನು ಗುಣಿಸಿ +6. ಒಟ್ಟು 11 − 2ಯಾ. ಮೊದಲು 5 − 2 ಮಾಡಿ 3(ಯಾ − 3) ಎಂದವರು ಎರಡನೇ ಹಂತಕ್ಕೆ ಹಿಂತಿರುಗಿ. −2ಯಾ − 6 ಎಂದವರು ಆರನೆಯದಕ್ಕೆ.

ಅನುಮಾನ ಬಂದಾಗ ಯಾ ಜಾಗದಲ್ಲಿ ಒಂದು ಸಣ್ಣ ಸಂಖ್ಯೆ ಹಾಕಿ ಎರಡೂ ರೂಪ ಹೋಲಿಸಿ. (ಯಾ + 3)² ಎಂದರೆ ಯಾ² + 9 ಎಂದು ತೋರುತ್ತದಲ್ಲ? ಯಾಗೆ 1 ಹಾಕಿ: ಮೊದಲನೆಯದು 16, ಎರಡನೆಯದು 10. ಬಿಟ್ಟುಹೋದದ್ದು ನಡುವಿನ 6ಯಾ.

ಹಂತ 8: ಸಮೀಕರಣ ಬಿಡಿಸುವುದು

ಸಮೀಕರಣ ಎಂದರೆ ಸಮ ನಿಂತ ತಕ್ಕಡಿ. ಒಂದು ತಟ್ಟೆಗೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡಬೇಕು. 3ಯಾ + 5 = 20ರಲ್ಲಿ ಎರಡೂ ಕಡೆ 5 ತೆಗೆಯಿರಿ, 3ಯಾ = 15. ಎರಡೂ ಕಡೆ 3ರಿಂದ ಭಾಗಿಸಿ, ಯಾ = 5.

"ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ" ಎಂಬ ಪಕ್ಷಾಂತರದ ಸೂತ್ರ ತಪ್ಪೇನಲ್ಲ, ಆದರೆ ಮೊದಲ ಎರಡು ವಾರ ಅದನ್ನು ಬಳಸಬೇಡಿ ಎನ್ನುತ್ತೇನೆ. ಅದನ್ನೇ ಹಿಡಿದವರು 3ಯಾ = 15ರಲ್ಲೂ 3ನ್ನು ಆ ಕಡೆ ಒಯ್ದು ಚಿಹ್ನೆ ಬದಲಿಸಿ 15 − 3 = 12 ಮಾಡುತ್ತಾರೆ.

ಎರಡೂ ಕಡೆ ಅಕ್ಷರ ಇದ್ದರೆ ಮೊದಲು ಒಂದು ಕಡೆಗೆ ತನ್ನಿ. 5ಯಾ − 4 = 2ಯಾ + 11. ಎರಡೂ ಕಡೆ 2ಯಾ ತೆಗೆಯಿರಿ, 3ಯಾ − 4 = 11. 4 ಕೂಡಿ, 3ಯಾ = 15, ಯಾ = 5. ಭಿನ್ನರಾಶಿ ಇದ್ದರೆ ಲ.ಸಾ.ಅ.ದಿಂದ ಇಡೀ ಸಮೀಕರಣವನ್ನೇ ಗುಣಿಸಿ ಅದನ್ನು ಓಡಿಸಿಬಿಡಿ. ಯಾ/2 + ಯಾ/3 = 10ನ್ನು 6ರಿಂದ ಗುಣಿಸಿದರೆ 3ಯಾ + 2ಯಾ = 60, ಯಾ = 12. ಇಲ್ಲಿ ಬಲಬದಿಯ 10ನ್ನು ಗುಣಿಸಲು ಮರೆಯುವವರೇ ಹೆಚ್ಚು.

ಉತ್ತರವನ್ನು ಮೂಲ ಸಮೀಕರಣಕ್ಕೇ ಹಾಕಿ ನೋಡಿ. 12ರ ಅರ್ಧ 6, ಮೂರನೇ ಒಂದು 4, ಸೇರಿ 10. ಸರಿಯಿದೆಯೇ ಎಂದು ಇನ್ನೊಬ್ಬರನ್ನು ಕೇಳುವ ಅಗತ್ಯವೇ ಇಲ್ಲ.

ಹಂತ 9: ಮಾತಿನ ಲೆಕ್ಕ

ಮೊದಲ ಸಾಲಿನಲ್ಲೇ ಬರೆಯಿರಿ: "ಯಾ = ಚಿಕ್ಕ ಚೀಲದ ತೂಕ, ಕೆ.ಜಿಯಲ್ಲಿ." ಈ ಸಾಲು ಬರೆಯದವರು ಕೊನೆಗೆ ತಾವು ಕಂಡುಹಿಡಿದದ್ದು ಏನೆಂದೇ ಮರೆಯುತ್ತಾರೆ. ದೊಡ್ಡದು ಯಾ + 12. ಎರಡೂ ಸೇರಿ 2ಯಾ + 12 = 88, ಯಾ = 38. ಅರ್ಧ ಮಾಡಿ 12 ಕಳೆದವರಿಗೆ 32 ಬಂದಿರುತ್ತದೆ. 32 ಮತ್ತು 44 ಕೂಡಿ ನೋಡಲಿ.

ಇನ್ನೊಂದು, ಕಣದಲ್ಲಿ ಒಣಗುವ ಕಾಫಿಯದು. 100 ಕೆ.ಜಿ ಚೆರಿಯಲ್ಲಿ ಶೇ 20 ತೇವಾಂಶ ಇದೆ. ಶೇ 10ಕ್ಕೆ ಇಳಿಯುವವರೆಗೆ ಒಣಗಿಸಿದರೆ ತೂಕ ಎಷ್ಟಾಗುತ್ತದೆ? ಹತ್ತಕ್ಕೆ ಒಂಬತ್ತು ಜನ 90 ಕೆ.ಜಿ ಎನ್ನುತ್ತಾರೆ. ಬದಲಾಗದೆ ಉಳಿಯುವುದು ಯಾವುದೆಂದು ಹುಡುಕಿ: ನೀರಲ್ಲದ ಭಾಗ, 80 ಕೆ.ಜಿ. ಕೊನೆಯ ತೂಕ ಯಾ ಆದರೆ ಅದರಲ್ಲಿ ಶೇ 90 ನೀರಲ್ಲದ ಭಾಗ. 0.9ಯಾ = 80, ಯಾ = 88.9 ಕೆ.ಜಿ. 90ಕ್ಕೂ ಇದಕ್ಕೂ ಇರುವ ಒಂದು ಕೆ.ಜಿಗೂ ಹೆಚ್ಚಿನ ವ್ಯತ್ಯಾಸ "ಯಾವುದರ ಶೇಕಡಾ" ಎಂದು ಕೇಳದ್ದರ ದಂಡ. ಮೊದಲಿನ 20 ಇದ್ದದ್ದು 100ರ ಮೇಲೆ, ಕೊನೆಯ 10 ಇರುವುದು ಯಾ ಮೇಲೆ.

ಆರಂಭದ ಲೆಕ್ಕಗಳ ಉತ್ತರ

1) 536. 2) 42. 3) 11/12. 4) 3/2. 5) 3 ಇಂಚು 30 ಸೆಂಟ್. 6) ಶೇ 15. 7) −4. 8) 5. 9) 11 − 2ಯಾ. 10) 38 ಕೆ.ಜಿ.

ಒಂದು, ಎರಡು ತಪ್ಪಿದ್ದರೆ ಆಯಾ ಹಂತ. ಮೂರು, ನಾಲ್ಕರಲ್ಲಿ ಒಂದು ತಪ್ಪಿದರೂ ಮೂರನೇ ಹಂತಕ್ಕೆ ಪೂರ್ತಿ ಎರಡು ವಾರ ಕೊಡಿ. ಏಳು ತಪ್ಪಿ ಎಂಟು ಸರಿಯಾಗಿದ್ದರೆ ಅದು ಮೈನಸ್ ಬರದೇ ಬಚಾವಾದ ಲೆಕ್ಕ, ಆರನೇ ಹಂತ ಬಿಡಬೇಡಿ. ಒಂಬತ್ತು ಮಾತ್ರ ತಪ್ಪಿದವರು ಏಳರಿಂದ, ಹತ್ತು ಮಾತ್ರ ತಪ್ಪಿದವರು ಒಂಬತ್ತನೇ ಹಂತದಿಂದ ಶುರು ಮಾಡಬಹುದು. ಎಂಟು ವಾರದ ನಂತರ ಇದೇ ಹತ್ತನ್ನು ಸಂಖ್ಯೆ ಬದಲಿಸಿ ಮತ್ತೊಮ್ಮೆ ಮಾಡಿ. ನಿಮಗೆ ನೀವೇ ಲೆಕ್ಕ ಕಟ್ಟಿಕೊಳ್ಳಲು ಬಂದರೆ ಎಂಟನೇ ತರಗತಿಯ ಪುಸ್ತಕದಲ್ಲಿ ಒಂದು ಚರಾಕ್ಷರವುಳ್ಳ ರೇಖಾತ್ಮಕ ಸಮೀಕರಣಗಳ ಪಾಠ ತೆರೆಯಿರಿ.